ಹಾಸಿಗೆಯ ಬಳಿ ಹೋಗುವ ಮೊದಲಿನ ಐದು ನಿಮಿಷ

2025 ಜೂನ್ 10, ಮಂಗಳವಾರ

ನರ್ಸಿಂಗ್ ವಿದ್ಯಾರ್ಥಿಗಳ ಹೊಸ ಬ್ಯಾಚ್ ಕ್ಲಿನಿಕಲ್ ಪೋಸ್ಟಿಂಗಿಗೆ, ಅಂದರೆ ವಾರ್ಡಿನಲ್ಲಿ ರೋಗಿಗಳ ನಡುವೆ ಕಲಿಯಲು, ಬಂದಿದೆ. ಲ್ಯಾಬಿನಲ್ಲಿ ಬೊಂಬೆಯ ಮೇಲೆ ಎಲ್ಲವನ್ನೂ ಮಾಡಿ ತೋರಿಸಿದವರು. ಆದರೆ ಬೊಂಬೆ ನರಳುವುದಿಲ್ಲ, ಕೈ ಎಳೆದುಕೊಳ್ಳುವುದಿಲ್ಲ, "ಇದನ್ನು ಮೊದಲು ಯಾರಿಗಾದರೂ ಮಾಡಿದ್ದೀಯಾ?" ಎಂದು ಕೇಳುವುದಿಲ್ಲ. ಆ ಮೊದಲ ವಾರಗಳಲ್ಲಿ ಪ್ರಿಸೆಪ್ಟರ್, ಅಂದರೆ ವಾರ್ಡಿನಲ್ಲಿ ಜೊತೆಗಿದ್ದು ಕಲಿಸುವ ಅನುಭವಿ ನರ್ಸ್, ಆದವರ ಕೆಲಸ ಹೇಗಿರಬೇಕು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕಲಿಸುವ ಕೆಲಸದ ಅರ್ಧ ಭಾಗ ಮುಗಿಯಬೇಕಾದ್ದು ರೋಗಿಯ ಎದುರಲ್ಲ, ಅದಕ್ಕೂ ಮೊದಲು, ಕಾರಿಡಾರಿನಲ್ಲಿ. ಐದು ನಿಮಿಷ ಸಾಕು. ಏನು ಮಾಡಲು ಹೊರಟಿದ್ದೀಯ, ಈ ರೋಗಿಗೆ ಅದು ಯಾಕೆ ಬೇಕು, ಏನು ಕಂಡರೆ ಮಾಡದೆ ನಿಲ್ಲಿಸುತ್ತೀಯ? ಮೊದಲ ಎರಡಕ್ಕೆ ಹೆಚ್ಚಿನವರು ಪುಸ್ತಕದ ಉತ್ತರ ಒಪ್ಪಿಸುತ್ತಾರೆ. ವಿದ್ಯಾರ್ಥಿ ಎಲ್ಲಿದ್ದಾಳೆ ಎಂದು ತಿಳಿಯುವುದು ಮೂರನೆಯ ಪ್ರಶ್ನೆಯಲ್ಲಿ. ಹೃದಯದ ಬಡಿತವನ್ನು ನಿಧಾನಗೊಳಿಸುವ ಡಿಜಾಕ್ಸಿನ್ ಕೊಡುವ ಮೊದಲು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು, ವಯಸ್ಕರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಡೆಹಿಡಿದು ವೈದ್ಯರಿಗೆ ತಿಳಿಸಬೇಕು. ಇದು ಬಾಯಿಗೆ ಬರದಿದ್ದರೆ ಆ ಮಾತ್ರೆ ಇನ್ನೂ ಅವಳ ಕೈಗೆ ಬರಬಾರದು.

ಅಲ್ಲೇ ಇನ್ನೊಂದು ಒಪ್ಪಂದವೂ ಆಗಬೇಕು. "ಸ್ವಲ್ಪ ನಿಲ್ಲೋಣ" ಎಂದು ನಾನು ಹೇಳಿದರೆ ಕೈ ಅಲ್ಲೇ ನಿಲ್ಲಬೇಕು, ಪ್ರಶ್ನೆ ಆಮೇಲೆ. ಇದನ್ನು ಮೊದಲೇ ಹೇಳಿಟ್ಟರೆ ರೋಗಿಯೂ ಗಾಬರಿಯಾಗುವುದಿಲ್ಲ, ವಿದ್ಯಾರ್ಥಿಗೂ ಅವಮಾನ ಅನ್ನಿಸುವುದಿಲ್ಲ. ಇವಳು ವಿದ್ಯಾರ್ಥಿ, ನಾನು ಪಕ್ಕದಲ್ಲೇ ಇರುತ್ತೇನೆ ಎಂದು ಹೇಳಿ ರೋಗಿಯ ಒಪ್ಪಿಗೆ ಕೇಳುವುದು ಪ್ರಿಸೆಪ್ಟರ್ ಹೊಣೆ. ಬೇಡ ಎಂದರೆ ಬೇಡ. ಒತ್ತಾಯ ಸಲ್ಲದು.

ಯಾವಾಗ ನಡುವೆ ಬಾಯಿ ಹಾಕಬೇಕು? ಸ್ಟರೈಲ್ (ಕ್ರಿಮಿರಹಿತ) ಗ್ಲೌಸ್ ಹಾಸಿಗೆಯ ಅಂಚಿಗೆ ತಾಗಿದರೆ, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೊರಟರೆ, ಮೂತ್ರದ ಕ್ಯಾಥೆಟರ್‌ನಲ್ಲಿ ಮೂತ್ರ ಬರುವ ಮೊದಲೇ ಬಲೂನ್ ಉಬ್ಬಿಸಲು ಸಿರಿಂಜ್ ಎತ್ತಿಕೊಂಡರೆ ತಕ್ಷಣ ತಡೆಯಬೇಕು. ಬಲೂನ್ ಮೂತ್ರನಾಳದಲ್ಲೇ ಉಬ್ಬಿದರೆ ನಾಳಕ್ಕೆ ಗಾಯವಾಗಿ ರಕ್ತಸ್ರಾವವಾಗುತ್ತದೆ. ಆದರೆ ಕೈ ನಿಧಾನ, ಪ್ಲಾಸ್ಟರ್ ಸೊಟ್ಟಗೆ ಅಂಟಿತು, ಟ್ರೇಯಲ್ಲಿ ವಸ್ತು ಹುಡುಕುತ್ತಿದ್ದಾಳೆ ಎಂಬುದಕ್ಕೆಲ್ಲ ಸುಮ್ಮನಿರಬೇಕು. "ಕೊಡು, ನಾನೇ ಮಾಡ್ತೀನಿ" ಎಂಬ ಮಾತು ಆ ದಿನದ ಪಾಳಿಗೆ ಎರಡು ನಿಮಿಷ ಉಳಿಸುತ್ತದೆ, ವಿದ್ಯಾರ್ಥಿಗೆ ಆ ದಿನದ ಕಲಿಕೆಯನ್ನೇ ಕಳೆಯುತ್ತದೆ.

ಹೆಚ್ಚು ಸಮಯ ಕೊಡಬೇಕಾದ್ದು ಸುಲಭ ಎಂದು ಎಲ್ಲರೂ ದಾಟಿಹೋಗುವ ಕೆಲಸಗಳಿಗೆ. ಬಿಪಿಯನ್ನೇ ನೋಡಿ. ತೋಳಿಗೆ ಸುತ್ತುವ ಪಟ್ಟಿ, ಅಂದರೆ ಕಫ್, ಅದರ ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಸುಮಾರು ಶೇ. 40 ಮತ್ತು ಉದ್ದ ಸುಮಾರು ಶೇ. 80 ಇರಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ತೋಳು ಹೃದಯದ ಮಟ್ಟಕ್ಕಿಂತ ಕೆಳಗೆ ಜೋತುಬಿದ್ದಿದ್ದರೂ ಅಷ್ಟೇ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿಸಿ, ನಾಡಿ ಸಿಗದಂತಾದ ಮಟ್ಟಕ್ಕಿಂತ 30 ಮಿ.ಮೀ. ಮೇಲಕ್ಕೆ ಏರಿಸಲು ಹೇಳಿ. ಗಾಳಿ ಬಿಡುವಾಗ ಸ್ಟೆತಸ್ಕೋಪಿನಲ್ಲಿ ಕೇಳುವ ನಾಡಿಯ ಸದ್ದು ಕೆಲವರಲ್ಲಿ ನಡುವೆ ಮಾಯವಾಗಿ ಕೆಳಗೆ ಮತ್ತೆ ಕೇಳಿಸುತ್ತದೆ. ಸಾಕಷ್ಟು ಏರಿಸದಿದ್ದರೆ ಆ ಎರಡನೆಯ ಸದ್ದನ್ನೇ ಸಿಸ್ಟಾಲಿಕ್ (ಬಿಪಿಯ ಮೇಲಿನ ಅಂಕಿ) ಎಂದು ಬರೆದುಬಿಡುತ್ತಾರೆ. ಗಾಳಿ ಬಿಡುವುದು ಸೆಕೆಂಡಿಗೆ 2ರಿಂದ 3 ಮಿ.ಮೀ. ಮಾತ್ರ. ಎರಡು ಜೊತೆ ಕಿವಿಕೊಳವೆ ಇರುವ ಟೀಚಿಂಗ್ ಸ್ಟೆತಸ್ಕೋಪ್ ಸಿಕ್ಕರೆ ಇಬ್ಬರೂ ಒಟ್ಟಿಗೆ ಕೇಳಿ, ಹೇಳಿಕೊಳ್ಳದೆ ಬೇರೆ ಬೇರೆ ಬರೆದು, ಆಮೇಲೆ ಹೋಲಿಸಬೇಕು. ಹಳೆಯ ಚಾರ್ಟನ್ನು ಅಲ್ಲಿಯವರೆಗೆ ಮುಚ್ಚಿಡಿ. ಹಿಂದಿನ ಅಂಕಿ ಕಣ್ಣಿಗೆ ಬಿದ್ದರೆ ಕಿವಿಯೂ ಅದನ್ನೇ ಕೇಳತೊಡಗುತ್ತದೆ.

ಉಸಿರಾಟದ ಎಣಿಕೆಯಂತೂ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೊಳಗಾದದ್ದು. ಎಲ್ಲ ರೋಗಿಗಳಿಗೂ 18 ಅಥವಾ 20 ಎಂದಿರುವ ಚಾರ್ಟ್ ಕಂಡರೆ ಯಾರೂ ಎಣಿಸಿಲ್ಲ ಎಂದೇ ತಿಳಿಯಿರಿ. ರೋಗಿ ಹದಗೆಡುತ್ತಿರುವ ಸುಳಿವು ಎಷ್ಟೋ ಬಾರಿ ಮೊದಲು ಸಿಗುವುದು ಇಲ್ಲೇ. ನಾಡಿ ಎಣಿಸಿದ ಮೇಲೂ ಬೆರಳು ಮಣಿಕಟ್ಟಿನ ಮೇಲೇ ಇರಲಿ, ಕಣ್ಣು ಎದೆಯ ಏರಿಳಿತದ ಮೇಲಿರಲಿ, ಪೂರ್ತಿ 60 ಸೆಕೆಂಡ್. ಎಣಿಸುತ್ತಿದ್ದೇನೆ ಎಂದು ಹೇಳಿದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ.

ಡ್ರಿಪ್ ಲೆಕ್ಕ: 500 ಮಿ.ಲೀ. ದ್ರವ 4 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ 1 ಮಿ.ಲೀ.ಗೆ 20 ಹನಿ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಅದೇ ದ್ರವ 60 ಹನಿಯ ಮೈಕ್ರೋ ಸೆಟ್ಟಿನಲ್ಲಾದರೆ 125. ತಪ್ಪು ಆಗುವುದು ಎರಡು ಕಡೆ: ಗಂಟೆಯನ್ನು ನಿಮಿಷ ಮಾಡಲು ಮರೆಯುವುದು, ಸೆಟ್ಟಿನ ಪ್ಯಾಕೆಟ್ ಓದದೆ ಹನಿಯ ಸಂಖ್ಯೆ ಊಹಿಸುವುದು. "ಸರಿಯಿದೆಯಾ ನೋಡಿ ಸಿಸ್ಟರ್" ಎಂದು ಚೀಟಿ ಮುಂದೆ ಹಿಡಿದರೆ ನೋಡಬೇಡಿ. ನೀವೂ ಬೇರೆಯಾಗಿ ಲೆಕ್ಕ ಮಾಡಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಎರಡು ತಲೆಗಳು ಬೇರೆ ಬೇರೆಯಾಗಿ ಯೋಚಿಸದಿದ್ದರೆ ಅದು ಡಬಲ್ ಚೆಕ್ ಆಗುವುದೇ ಇಲ್ಲ. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ಗಳಿಗೂ ಇದೇ ಕ್ರಮ. ಇವನ್ನು ವಿದ್ಯಾರ್ಥಿ ಒಬ್ಬಳೇ ಕೊಡುವಂತಿಲ್ಲ. ಪೊಟ್ಯಾಸಿಯಂ ಕ್ಲೋರೈಡನ್ನು ದುರ್ಬಲಗೊಳಿಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯವೇ ನಿಲ್ಲಬಹುದು ಎಂಬುದನ್ನು ಮೊದಲ ದಿನವೇ ಹೇಳಿಬಿಡಿ.

ಗುರುತು ಕೇಳುವಾಗ "ನೀವು ಇಂಥವರಲ್ವಾ?" ಅನ್ನಬಾರದು. ಮಂಪರಿನಲ್ಲಿರುವವರು, ಕಿವಿ ಮಂದವಾದವರು ಯಾವ ಹೆಸರಿಗೂ ತಲೆಯಾಡಿಸುತ್ತಾರೆ. "ನಿಮ್ಮ ಹೆಸರೇನು?" ಎಂದೇ ಕೇಳಿ, ಕೈಪಟ್ಟಿಯ ನಂಬರಿನ ಜೊತೆ ತಾಳೆ ನೋಡಬೇಕು. ಹಾಸಿಗೆಯ ಸಂಖ್ಯೆ ಗುರುತಲ್ಲ.

ಅನುಭವಿಗಳಾದ ನಮ್ಮಲ್ಲೇ ಒಂದು ತೊಡಕಿದೆ. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ, ಪಳಗಿದವರು ಸನ್ನಿವೇಶವನ್ನು ಇಡಿಯಾಗಿ ಗ್ರಹಿಸುತ್ತಾರೆ ಎಂದು ಅಮೆರಿಕದ ನರ್ಸಿಂಗ್ ಚಿಂತಕಿ ಪ್ಯಾಟ್ರಿಷಿಯಾ ಬೆನ್ನರ್ 1984ರಲ್ಲೇ ವಿವರಿಸಿದ್ದರು. ಪಳಗಿದ ನರ್ಸ್ ಕೋಣೆಗೆ ಕಾಲಿಡುತ್ತಲೇ ರೋಗಿಯ ಬಣ್ಣ, ಬೆವರು, ಕುಳಿತ ಭಂಗಿ ನೋಡಿ ಏನೋ ಸರಿಯಿಲ್ಲ ಎಂದು ತೀರ್ಮಾನಿಸಿರುತ್ತಾಳೆ. ವಿದ್ಯಾರ್ಥಿಗೆ ಕಾಣುವುದು ತೀರ್ಮಾನ ಮಾತ್ರ. ಹೊರಗೆ ಬಂದ ಮೇಲೆ ಅದನ್ನು ಬಿಡಿಸಿ ಹೇಳಬೇಕು: "ಮಾತಿನ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದರು, ಅದಕ್ಕೇ ಆಮ್ಲಜನಕದ ಮಟ್ಟ ನೋಡಿದೆ."

ತಪ್ಪು ತಿದ್ದುವುದು ಅದೇ ಪಾಳಿಯಲ್ಲಿ, ಒಬ್ಬಳೇ ಇದ್ದಾಗ. ಮೊದಲು ಅವಳಿಂದಲೇ ಕೇಳಿ. ಆಮೇಲೆ ಕಂಡದ್ದನ್ನು ಹೇಳಿ: "ಗ್ಲೌಸ್ ತೆಗೆದ ಮೇಲೆ ಕೈ ತೊಳೆಯದೆ ಚಾರ್ಟ್ ಮುಟ್ಟಿದೆ." "ನಿನಗೆ ಸ್ವಚ್ಛತೆಯ ಅರಿವೇ ಇಲ್ಲ" ಎಂಬ ಮಾತಿನಿಂದ ಏನನ್ನೂ ತಿದ್ದಿಕೊಳ್ಳಲಾಗುವುದಿಲ್ಲ.

ಹಿಂದೆ ಬೀಳುತ್ತಿರುವವರ ವಿಷಯದಲ್ಲಿ ಕರುಣೆಯ ಹೆಸರಿನಲ್ಲಿ ಸುಮ್ಮನಿರುವುದು ನಡೆಯುತ್ತಲೇ ಇದೆ. ಅದು ಮುಂದಿನ ವಾರ್ಡಿನ ರೋಗಿಗೆ ಮಾಡುವ ಅನ್ಯಾಯ. "ಇನ್ನೂ ಅಭ್ಯಾಸ ಬೇಕು" ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ದಿನಾಂಕ, ಕೆಲಸ, ತಪ್ಪಿದ ಹಂತ, ಹೇಳಿಕೊಟ್ಟ ಮೇಲೆ ಏನಾಯಿತು, ಇವಿಷ್ಟು ಇರಲಿ. ಪೋಸ್ಟಿಂಗಿನ ಅರ್ಧಕ್ಕೆ ಮೊದಲೇ ಕಾಲೇಜಿನ ಅಧ್ಯಾಪಕರ ಗಮನಕ್ಕೆ ತನ್ನಿ. ಕೊನೆಯ ವಾರ ಹೇಳಿದರೆ ತಿದ್ದಿಕೊಳ್ಳಲು ದಿನಗಳೇ ಉಳಿದಿರುವುದಿಲ್ಲ.

ನಾಳೆಗೆ: ಒಬ್ಬೊಬ್ಬರಿಗೆ ಒಬ್ಬರೇ ರೋಗಿ, ಸ್ಥಿರವಾಗಿರುವವರು. ಬೆಳಿಗ್ಗೆ ಬಿಪಿ, ನಾಡಿ, ಉಸಿರಾಟ ಇಬ್ಬರೂ ನೋಡುವುದು. ಮಧ್ಯಾಹ್ನದ ಹ್ಯಾಂಡೋವರ್ (ಮುಂದಿನ ಪಾಳಿಯವರಿಗೆ ರೋಗಿಯ ವಿವರ ಒಪ್ಪಿಸುವುದು) ವಿದ್ಯಾರ್ಥಿಯೇ ಕೊಡಲಿ; ಅದಕ್ಕೆ ಮೊದಲು ಕಾರಿಡಾರಿನಲ್ಲಿ ಒಮ್ಮೆ ಹೇಳಿಸಿ ಕೇಳುವುದು.