ಬಾವಿ ನೀರಿನಲ್ಲಿ ಗ್ಯಾಸು ಸಿಕ್ಕಿತು, ಸರಿ. ಯಾವ ಗ್ಯಾಸು?

ಅಮೆರಿಕದ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ಕೌಂಟಿಯಲ್ಲಿ ಸಾಲ್ಟ್ ಸ್ಪ್ರಿಂಗ್ಸ್ ಎಂಬ ಉದ್ಯಾನವಿದೆ. ಅಲ್ಲಿನ ಬುಗ್ಗೆಯಲ್ಲಿ ಉಪ್ಪುನೀರು ಬರುತ್ತದೆ, ಜೊತೆಗೆ ಮೀಥೇನ್ (ನೈಸರ್ಗಿಕ ಅನಿಲದ ಮುಖ್ಯ ಭಾಗ) ಗುಳ್ಳೆಗಳೂ ಏಳುತ್ತವೆ. ಆಳದಲ್ಲಿ ಗ್ಯಾಸು ತುಂಬಿದ ಪದರುಗಲ್ಲಾದ ಮಾರ್ಸೆಲಸ್ ಶೇಲ್‌ಗಾಗಿ ರಿಗ್ಗುಗಳು ಬರುವ ಎಷ್ಟೋ ಕಾಲದ ಹಿಂದಿನಿಂದಲೂ ಹೀಗೇ. ಅದೇ ಕೌಂಟಿಯ ಡಿಮಕ್‌ನಲ್ಲಿ, ಸುತ್ತಮುತ್ತ ಗ್ಯಾಸ್ ಬಾವಿಗಳನ್ನು ಕೊರೆದ ಮೇಲೆ, 2009ರ ಜನವರಿ 1ರಂದು ಒಂದು ಮನೆಯ ನೀರಿನ ಬಾವಿ ಸ್ಫೋಟಿಸಿ ಕಾಂಕ್ರೀಟು ಮುಚ್ಚಳ ಒಡೆದು ಹಾರಿತು. ಮೊದಲಿಂದಲೂ ಇದ್ದ ಗ್ಯಾಸು ಯಾವುದು, ಹೊಸದಾಗಿ ಬಂದದ್ದು ಯಾವುದು? ಅಂತರ್ಜಲದ ನಿಗಾ ಎಂದರೆ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು.

ಫ್ರ್ಯಾಕಿಂಗ್ (ನೀರು, ಮರಳು, ರಾಸಾಯನಿಕಗಳನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಬಂಡೆ ಸೀಳಿ ಗ್ಯಾಸು ತೆಗೆಯುವುದು) ಎಂದೊಡನೆ ಒಂದೆರಡು ಕಿಲೋಮೀಟರ್ ಆಳದ ಬಿರುಕು ಮೇಲಿನವರೆಗೂ ಸೀಳಿಕೊಂಡು ಬರುವ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಹಾಗಾಗುವುದು ಅಪರೂಪ. ಹೆಚ್ಚಿನ ತೊಂದರೆ ಬರುವುದು ಗ್ಯಾಸ್ ಬಾವಿಗೆ ಒಂದರೊಳಗೊಂದಾಗಿ ಇಳಿಸುವ ಉಕ್ಕಿನ ಕೇಸಿಂಗ್ ಪೈಪು ಮತ್ತು ಬಂಡೆಯ ನಡುವೆ ಸಿಮೆಂಟು ಸರಿಯಾಗಿ ಕೂರದ ಕಡೆ, ಇಲ್ಲವೇ ಮೇಲೆ ಟ್ಯಾಂಕು, ಹೊಂಡಗಳಿಂದ ಸೋರಿದ ಕೊಳೆ ನೀರಿನಿಂದ. ಆದ್ದರಿಂದ ಊರಿನ ಕೊಳವೆ ಬಾವಿಗಳ ಜೊತೆಗೆ ಗ್ಯಾಸ್ ಬಾವಿಯ ಕೇಸಿಂಗ್‌ಗಳ ನಡುವಿನ ಒತ್ತಡವನ್ನೂ ನೋಡುತ್ತಿರಬೇಕು. ಗ್ಯಾಸನ್ನು ಹೊರಬಿಟ್ಟ ಮೇಲೂ ಒತ್ತಡ ಮತ್ತೆ ಮತ್ತೆ ಏರುತ್ತಿದ್ದರೆ ಒಳಗೆಲ್ಲೋ ಸೋರಿಕೆ ಇದೆ ಎಂದೇ ತಿಳಿಯಬೇಕು.

ಕೊರೆಯುವ ಮುಂಚಿನ ನೀರಿನ ಮಾದರಿಯ ವಿಷಯಕ್ಕೆ ಬರೋಣ. ಪೆನ್ಸಿಲ್ವೇನಿಯಾದ 2012ರ ಕಾನೂನಿನಂತೆ ಗ್ಯಾಸ್ ಬಾವಿಯಿಂದ 2,500 ಅಡಿಯೊಳಗೆ, ಕೆಲಸ ಮುಗಿದ 12 ತಿಂಗಳೊಳಗೆ ನೀರು ಕೆಟ್ಟರೆ ಕಂಪನಿಯೇ ಹೊಣೆ ಎಂದು ಭಾವಿಸಲಾಗುತ್ತದೆ. ಅದಕ್ಕೇ ಕಂಪನಿಗಳು ತಮ್ಮ ರಕ್ಷಣೆಗೆಂದು ಮೊದಲೇ ನೀರು ಪರೀಕ್ಷಿಸಿಟ್ಟುಕೊಳ್ಳುತ್ತವೆ. ಎಷ್ಟೋ ಕಡೆ ಒಂದೇ ಸಲ. ಮೀಥೇನ್ ಮಳೆಗಾಲಕ್ಕೊಂದು, ಬೇಸಿಗೆಗೊಂದು ಮಟ್ಟದಲ್ಲಿರುತ್ತದೆ. ಪಂಪು ಎಷ್ಟು ಹೊತ್ತು ಓಡಿತು, ಆ ದಿನದ ವಾಯುಭಾರ ಎಷ್ಟಿತ್ತು ಎಂಬುದರ ಮೇಲೂ ಬದಲಾಗುತ್ತದೆ. ಇಂಗ್ಲೆಂಡಿನ 2015ರ ಕಾನೂನು ಫ್ರ್ಯಾಕಿಂಗ್‌ಗೆ ಮುಂಚೆ 12 ತಿಂಗಳು ಅಂತರ್ಜಲದ ಮೀಥೇನ್ ಅಳೆದಿರಬೇಕು ಎನ್ನುತ್ತದೆ. ನನ್ನ ಲೆಕ್ಕದಲ್ಲಿ ಅದು ಕನಿಷ್ಠ ಮರ್ಯಾದೆ.

ಮಾದರಿ ಹಿಡಿಯುವಾಗಲೇ ಅರ್ಧ ತಪ್ಪುಗಳಾಗುತ್ತವೆ. ಪ್ರೆಶರ್ ಟ್ಯಾಂಕು, ಸಾಫ್ಟನರ್ (ಗಡಸು ನೀರನ್ನು ಮೆದುಗೊಳಿಸುವ ಯಂತ್ರ) ದಾಟಿದ ನಲ್ಲಿಯಿಂದ ಹಿಡಿದರೆ ಗ್ಯಾಸು ಹಾರಿಹೋಗಿರುತ್ತದೆ, ಕ್ಯಾಲ್ಸಿಯಂ ಹೋಗಿ ಸೋಡಿಯಂ ಸೇರಿರುತ್ತದೆ. ಇವೆರಡಕ್ಕೂ ಮುಂಚಿನ ನಲ್ಲಿಯೇ ಬೇಕು. ನಿಂತ ನೀರನ್ನು ಮೊದಲು ಹೊರಹಾಕಬೇಕು: 6 ಅಂಗುಲದ ಬಾವಿಯಲ್ಲಿ ಒಂದು ಅಡಿಗೆ ಸುಮಾರು 5.6 ಲೀಟರ್ ನೀರಿರುತ್ತದೆ. 100 ಅಡಿ ನೀರಿದ್ದರೆ ಮೂರು ಪಟ್ಟು ತೆಗೆಯಲು ಹತ್ತಿರ ಹತ್ತಿರ 1,700 ಲೀಟರ್. ನಿಮಿಷಕ್ಕೆ 19 ಲೀಟರ್ ಎತ್ತುವ ಪಂಪಿಗೆ ಒಂದೂವರೆ ಗಂಟೆಯ ಕೆಲಸ. ಇಳುವರಿ ಕಡಿಮೆಯಿರುವ ಬಾವಿಯಲ್ಲಿ ಈ ಲೆಕ್ಕ ಹಿಡಿದು ಕೂರಬಾರದು. ಬಾವಿ ಬತ್ತಿ, ಬಂಡೆಯ ಸಂದಿಯಿಂದ ನೀರು ತೊಟ್ಟಿಕ್ಕುತ್ತಾ ಬಿದ್ದರೆ ಮೀಥೇನ್ ದಾರಿಯಲ್ಲೇ ಗಾಳಿಗೆ ಸೇರುತ್ತದೆ. ಅಲ್ಲಿ ನಿಧಾನವಾಗಿ ಎತ್ತುತ್ತಾ, ಕೆಲವು ನಿಮಿಷಗಳ ಅಂತರದ ಮೂರು ಅಳತೆಗಳಲ್ಲಿ ಪಿಎಚ್ 0.1ರೊಳಗೆ, ವಿದ್ಯುತ್ ವಾಹಕತೆ ಶೇ. 3ರೊಳಗೆ ನಿಂತ ಮೇಲೆ ಹಿಡಿಯುವುದು ಮೇಲು.

ಗ್ಯಾಸಿನ ಸೀಸೆ ಮೊದಲು, ಲೋಹಗಳದ್ದು ಆಮೇಲೆ. 40 ಮಿಲಿಲೀಟರ್ ಸೀಸೆಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಆಮ್ಲ ಹಾಕಿ, 4 ಡಿಗ್ರಿಯಲ್ಲಿಟ್ಟು 14 ದಿನದೊಳಗೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮುಗಿಸಬೇಕು. ಸಿಲಿಕೋನ್ ಕೊಳವೆ ಬೇಡ, ಅದರ ಗೋಡೆಯಿಂದಲೇ ಗ್ಯಾಸು ಸೋರುತ್ತದೆ. ನೀರು ಸೋಡಾದಂತೆ ನೊರೆಯುತ್ತಿದ್ದರೆ ಸೀಸೆಯ ಅಂಕಿಯನ್ನು ನಂಬಬೇಡಿ, ಗ್ಯಾಸೂ ನೀರೂ ಒಟ್ಟಿಗೆ ಸೆರೆಯಾಗುವ ಮುಚ್ಚಿದ ಪಾತ್ರೆ ಬೇಕು. ಸಾಮಾನ್ಯ ವಾಯುಭಾರದಲ್ಲಿ ನೀರು ಲೀಟರಿಗೆ ಸುಮಾರು 28 ಮಿಲಿಗ್ರಾಂ ಮೀಥೇನ್ ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಅಮೆರಿಕದಲ್ಲಿ 10ಕ್ಕೆ ಎಚ್ಚರಿಕೆ, 28ಕ್ಕೆ ತಕ್ಷಣ ಕ್ರಮ ಎಂಬ ರೂಢಿಯಿದೆ. ಕಲಕಿದ ನೀರನ್ನು ಸೋಸದೆ ಆಮ್ಲ ಹಾಕಿದರೆ ಮಣ್ಣಿನ ಕಣಗಳಲ್ಲಿದ್ದ ಕಬ್ಬಿಣ, ಬೇರಿಯಂ ಎಲ್ಲಾ ಕರಗಿ ಸುಳ್ಳು ಗಾಬರಿ ಹುಟ್ಟುತ್ತದೆ. ಸೋಸಿದ್ದೊಂದು, ಸೋಸದ್ದೊಂದು ಎರಡೂ ಇರಲಿ.

ಇನ್ನು ಗ್ಯಾಸಿನ ಜಾತಕ. ಮೀಥೇನಿನಲ್ಲಿ ಭಾರದ ಇಂಗಾಲ (ಕಾರ್ಬನ್-13) ಒಂದು ನಿಗದಿತ ಮಾನಕ್ಕಿಂತ ಎಷ್ಟು ಹೆಚ್ಚು ಕಡಿಮೆ ಎಂಬ ಅಂಕಿ ಸಾವಿರಕ್ಕೆ ಮೈನಸ್ 64ಕ್ಕಿಂತ ಕೆಳಗಿದ್ದರೆ ಸೂಕ್ಷ್ಮಜೀವಿಗಳು ಮಾಡಿದ್ದು, ಮೈನಸ್ 50ಕ್ಕಿಂತ ಮೇಲಿದ್ದರೆ ಭೂಮಿಯ ಶಾಖದಲ್ಲಿ ಬೆಂದದ್ದು. ಈಥೇನ್ (ಮೀಥೇನಿನ ಜೊತೆಗಿರುವ ಇನ್ನೊಂದು ಅನಿಲ) ಸಾಕಷ್ಟಿದ್ದರೂ ಬೆಂದ ಗ್ಯಾಸೇ. ಎಷ್ಟೋ ಮಂದಿ ಇಲ್ಲಿಗೇ ನಿಲ್ಲಿಸಿ ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಆ ಭಾಗದಲ್ಲಿ ಮಾರ್ಸೆಲಸ್‌ಗಿಂತ ಮೇಲಿನ ಪದರಗಳಲ್ಲೂ ಬೆಂದ ಗ್ಯಾಸು ಇದೆ. ಈಥೇನಿನ ಐಸೋಟೋಪು (ಅದೇ ಕಾರ್ಬನ್-13ರ ಅಂಕಿ) ಅಳೆದು, ಪಕ್ಕದ ಗ್ಯಾಸ್ ಬಾವಿಯ ಕೇಸಿಂಗ್ ಸಂದಿಯ ಗ್ಯಾಸಿನೊಂದಿಗೆ ಹೋಲಿಸಿದಾಗಲೇ ಮಾತಿಗೆ ತೂಕ. ಆಗಲೂ ಗಮನಿಸಿ: ಕೊರೆಯುವಾಗ ಮೇಲಿನ ಪದರದ ಗ್ಯಾಸೇ ಕೆಟ್ಟ ಸಿಮೆಂಟಿನ ದಾರಿ ಹಿಡಿದು ಬಂದಿರಬಹುದು. ಗ್ಯಾಸು ಮಾರ್ಸೆಲಸ್‌ನದಲ್ಲ ಎಂದಮಾತ್ರಕ್ಕೆ ಕೊರೆದವರು ಪಾರಾಗುವುದಿಲ್ಲ.

ಉಪ್ಪು ಎಲ್ಲಿಂದ ಬಂತು ಎಂಬುದಕ್ಕೆ ಬ್ರೋಮೈಡ್ ಸಾಕ್ಷಿ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನಲ್ಲಿ ಕ್ಲೋರೈಡು ಬ್ರೋಮೈಡಿನ ಸಾವಿರ ಪಟ್ಟಿಗೂ ಮಿಕ್ಕಿರುತ್ತದೆ, ಆಳದ ಉಪ್ಪುನೀರಿನಲ್ಲಿ ನೂರರ ಆಸುಪಾಸು. ಬೇರಿಯಂ, ಸ್ಟ್ರಾನ್ಷಿಯಂ ಜೊತೆಗೇ ಏರಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಗ್ಯಾಸು ಬೇಗ ಓಡಿಬರುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಹಾಗಾಗಿ ಉಪ್ಪಿಲ್ಲ ಎಂದು ಫೈಲು ಮುಚ್ಚಬಾರದು.

ನಿಗಾ ಬಾವಿಯೇ ಸಾಕ್ಷ್ಯ ಕೆಡಿಸಬಹುದು ಎಂಬುದಕ್ಕೆ ವಯೋಮಿಂಗ್‌ನ ಪೆವಿಲಿಯನ್ ನೋಡಿ (ಅಲ್ಲಿಯದು ಶೇಲ್ ಅಲ್ಲ, ಮರಳುಗಲ್ಲಿನ ಗ್ಯಾಸು). ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊರೆಸಿದ ಎರಡು ಆಳದ ಬಾವಿಗಳಲ್ಲಿ ಪಿಎಚ್ 11 ದಾಟಿತ್ತು. 2011ರ ಕರಡು ವರದಿ ಅದನ್ನು ಫ್ರ್ಯಾಕಿಂಗ್ ದ್ರವದ ಗುರುತುಗಳಲ್ಲೊಂದೆಂದು ಎಣಿಸಿತು, ಎದುರಾಳಿಗಳು ಅದು ನಿಮ್ಮದೇ ಬಾವಿಯ ಸಿಮೆಂಟಿನ ಕ್ಷಾರ ಎಂದರು. 2013ರಲ್ಲಿ ಸಂಸ್ಥೆ ಕರಡನ್ನು ಅಂತಿಮಗೊಳಿಸದೆ ತನಿಖೆಯನ್ನು ರಾಜ್ಯಕ್ಕೆ ಬಿಟ್ಟಿತು. ನಿಗಾ ಬಾವಿ ಕೊರೆಸುವವರು ಹಾಕಿದ ಸಿಮೆಂಟು, ಬೆಂಟೊನೈಟ್ ಎಂಬ ಜೇಡಿಮಣ್ಣು, ಪೈಪಿನ ಅಂಟು ಪ್ರತಿಯೊಂದರ ಚೂರನ್ನೂ ದಿನಾಂಕ ಬರೆದು ಎತ್ತಿಟ್ಟಿರಬೇಕು.