11:30ಕ್ಕೆ ವಾಪಸ್ ಹೋಗುವುದಕ್ಕೆ ಎಷ್ಟು ಬೆಲೆ?

ಮಾರ್ಚ್ ಕೊನೆಯ ವಾರ ಬ್ಯಾಂಕಿನವರಿಗೆ ಊಟ ನಿದ್ದೆಯ ಲೆಕ್ಕ ಇರುವುದಿಲ್ಲ. ಅಂಥ ಒಂದು ಗುರುವಾರ ಬೆಳಿಗ್ಗೆ 11:40ಕ್ಕೆ ನಮ್ಮ ತಂಡದ ಹುಡುಗನೊಬ್ಬ ನನ್ನ ಟೇಬಲ್ ಹತ್ತಿರ ಬಂದು ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಾಯ್ತಪ್ಪಾ?" ಅಂದೆ.

"ಮೇಡಂ, ಬಡ್ಡಿ ದರ ಅಪ್‌ಡೇಟ್ ಕೊಟ್ಟೆ. ವೇರ್ ಕಂಡೀಷನ್ ಬಿಟ್ಟುಹೋಯ್ತು. ಕಮಿಟ್ ಕೂಡ ಮಾಡಿಬಿಟ್ಟೆ."

ಯಾವ ರೆಕಾರ್ಡುಗಳು ಮಾತ್ರ ಬದಲಾಗಬೇಕು ಎಂದು ಹೇಳುವ ಷರತ್ತು ವೇರ್ ಕಂಡೀಷನ್. ಬದಲಾವಣೆಯನ್ನು ಖಾಯಂ ಮಾಡುವುದು ಕಮಿಟ್. ಒಂದು ಶಾಖೆಯ ನಲವತ್ತು ಸಾಲಗಳ ಬಡ್ಡಿ ಬದಲಾಗಬೇಕಿತ್ತು. ಬದಲಾಗಿದ್ದು ಬ್ಯಾಂಕಿನ ಎಲ್ಲ ಸಾಲಗಳದ್ದು. 1,84,000 ಖಾತೆ. ಮನೆ ಸಾಲ, ಬೆಳೆ ಸಾಲ, ಒಡವೆ ಸಾಲ ಎಲ್ಲಕ್ಕೂ ಒಂದೇ ದರ ಕೂತಿತ್ತು. ರಾತ್ರಿ ಬಡ್ಡಿ ಲೆಕ್ಕ ಹಾಕುವ ಬ್ಯಾಚ್ ಓಡುವುದರೊಳಗೆ ಸರಿಯಾಗಬೇಕಿತ್ತು. ಅಷ್ಟರಲ್ಲಿ ಶಾಖೆಗಳಲ್ಲಿ ಜನ ಕಂತು ಕಟ್ಟುತ್ತಲೇ ಇದ್ದರು.

ನಾನು ಹದಿನೇಳು ವರ್ಷದಿಂದ ಡಿಬಿಎ. ಅಂದರೆ ಡೇಟಾಬೇಸ್ ಕಾಯುವ ಕೆಲಸ. ಈಗ ಬೆಂಗಳೂರಿನಲ್ಲಿ ಒಂದು ಸಹಕಾರಿ ಬ್ಯಾಂಕಿನಲ್ಲಿದ್ದೇನೆ. "ಇಷ್ಟು ದುಡ್ಡು ಕೊಟ್ಟು ದೊಡ್ಡ ಡೇಟಾಬೇಸ್ ಯಾಕೆ ತಗೋಬೇಕು? ಪುಕ್ಕಟೆ ಸಿಗುವುದು ಇದೆಯಲ್ಲ?" ಎಂದು ಕೇಳುವವರು ತುಂಬ ಜನ. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅದಕ್ಕೆ ಉತ್ತರ ಹೇಳಬೇಕಾದರೆ ನನಗೆ ಆ ಗುರುವಾರದಿಂದಲೇ ಶುರು ಮಾಡಬೇಕಾಗುತ್ತದೆ.

ನಮ್ಮ ಸಾಲದ ಲೆಕ್ಕ ಇರುವುದು ಒರಾಕಲ್ ಎಂಬ, ದುಡ್ಡು ಕೊಟ್ಟು ಕೊಳ್ಳುವ ಡೇಟಾಬೇಸಿನಲ್ಲಿ. ಅದರಲ್ಲಿ ಒಂದು ರೆಕಾರ್ಡ್ ಬದಲಾಯಿಸಿದಾಗ ಹಳೆಯ ಮಾಹಿತಿ ತಕ್ಷಣ ಅಳಿಸಿಹೋಗುವುದಿಲ್ಲ. ಅದು 'ಅನ್‌ಡು' ಎಂಬ ಬೇರೆ ಜಾಗಕ್ಕೆ ಹೋಗಿ ಕೂರುತ್ತದೆ. ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ಕಾಯದೆ ಓದಲು ಆಗುವುದು ಇದರಿಂದಲೇ. ಓದುವವರಿಗೆ ಅದು ಹಳೆಯದನ್ನು ಜೋಡಿಸಿ ತೋರಿಸುತ್ತದೆ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ನಮ್ಮಪ್ಪ ಲೆಕ್ಕ ಬರೆಯುತ್ತಿದ್ದರು. ಕಿರ್ದಿಯಲ್ಲಿ ತಪ್ಪಾದರೆ ಅವರು ಉಜ್ಜಿ ಅಳಿಸುತ್ತಿರಲಿಲ್ಲ. ಒಂದು ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ಸಹಿ ಹಾಕುತ್ತಿದ್ದರು. ಹಳೆಯ ಅಂಕಿ ಓದಲು ಬರುವ ಹಾಗೇ ಇರಬೇಕು ಅನ್ನುವುದು ಅವರ ನಿಯಮ. ಅನ್‌ಡು ಬಗ್ಗೆ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಅಪ್ಪನ ಆ ಕೆಂಪು ಗೆರೆ.

ಹಾಗಾಗಿ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಬರೆದೆ. ಮಾಮೂಲಿ ಸೆಲೆಕ್ಟ್, ಕೊನೆಯಲ್ಲಿ 'ಆಸ್ ಆಫ್ ಟೈಮ್‌ಸ್ಟ್ಯಾಂಪ್' ಅಂತ ಸೇರಿಸಿ 11:30 ಎಂದು ಕೊಟ್ಟೆ. 11:30ಕ್ಕೆ ಈ ಟೇಬಲ್ ಹೇಗಿತ್ತೋ ಹಾಗೆ ತೋರಿಸು ಎಂದು ಅದರರ್ಥ. ಎಲ್ಲ ಹಳೆಯ ದರಗಳೂ ಬಂದವು. ಅವನ್ನು ಒಂದು ಬೇರೆ ಟೇಬಲ್ಲಿಗೆ ತುಂಬಿಕೊಂಡು, ಬಡ್ಡಿ ದರದ ಕಾಲಂ ಒಂದನ್ನು ಮಾತ್ರ ವಾಪಸ್ ಬರೆದೆವು. ಇಡೀ ಟೇಬಲ್ಲನ್ನೇ ಹಿಂದಕ್ಕೆ ತಿರುಗಿಸುವ 'ಫ್ಲ್ಯಾಶ್‌ಬ್ಯಾಕ್ ಟೇಬಲ್' ಅಂತ ಇನ್ನೊಂದು ದಾರಿಯೂ ಇದೆ. ಆದರೆ ಅದು ಟೇಬಲ್ಲನ್ನು ಲಾಕ್ ಮಾಡುತ್ತದೆ. ಅಲ್ಲದೆ 11:30ರ ನಂತರ ಕಂತು ಕಟ್ಟಿದವರ ರೆಕಾರ್ಡ್ ಕೂಡ ಹಿಂದಕ್ಕೆ ಹೋಗಿಬಿಡುತ್ತಿತ್ತು. ಅದು ಬೇಡವಾಗಿತ್ತು. 12:10ಕ್ಕೆ ಕೆಲಸ ಮುಗಿಯಿತು. ಒಬ್ಬ ಗ್ರಾಹಕರಿಗೂ ತಪ್ಪು ಬಡ್ಡಿ ಬೀಳಲಿಲ್ಲ.

ಇಲ್ಲಿ ಒಂದು ಮಾತು. ಈ ಹಳೆಯ ಮಾಹಿತಿ ಎಷ್ಟು ಹೊತ್ತು ಉಳಿಯಬೇಕು ಎಂದು ನಾವೇ ಹೇಳಬೇಕು. ನಾವು ಏನೂ ಹೇಳದಿದ್ದರೆ ಡೀಫಾಲ್ಟ್ ಬರುವುದು 900 ಸೆಕೆಂಡ್, ಅಂದರೆ ಕಾಲು ಗಂಟೆ. ಜಾಗ ಸಾಲದೆ ಹೋದರೆ ಅದಕ್ಕೂ ಖಾತ್ರಿ ಇಲ್ಲ. ನಾನು ಮೂರು ಗಂಟೆಗೆ ಏರಿಸಿಟ್ಟಿದ್ದೆ. ಅದಕ್ಕೆ ಬೇಕಾದ ಡಿಸ್ಕ್ ಕೇಳಲು ಹೋಗಿ ಸ್ಟೋರೇಜ್ ನೋಡುವವರ ಜೊತೆ ಎರಡು ತಿಂಗಳು ವಾದ ಮಾಡಿದ್ದೆ. ದೊಡ್ಡ ಸಾಫ್ಟ್‌ವೇರ್ ಕೊಂಡ ಮಾತ್ರಕ್ಕೆ ಯಾರೂ ಉಳಿಯುವುದಿಲ್ಲ. ಅದನ್ನು ಕಾಯುವವರೂ ಬೇಕು. ಡಿಬಿಎ ಸಂಬಳ ಉಳಿಸಲು ಹೋಗಿ ಲೈಸೆನ್ಸಿಗೆ ಮಾತ್ರ ಕೋಟಿ ಸುರಿಯುವ ಕಡೆಗಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಇನ್ನು ದುಡ್ಡಿನ ವಿಷಯ. ಒರಾಕಲ್‌ನ ದೊಡ್ಡ ಆವೃತ್ತಿಯಾದ ಎಂಟರ್‌ಪ್ರೈಸ್ ಎಡಿಷನ್ನಿಗೆ ಬಹಳ ವರ್ಷದಿಂದ ಬೆಲೆಪಟ್ಟಿಯಲ್ಲಿ ಇರುವುದು ಒಂದು ಪ್ರೊಸೆಸರ್ ಲೈಸೆನ್ಸಿಗೆ 47,500 ಡಾಲರ್. ಇಂಟೆಲ್ ಚಿಪ್ ಆದರೆ ಎರಡು ಕೋರಿಗೆ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ) ಒಂದು ಲೈಸೆನ್ಸ್ ಎಂದು ಲೆಕ್ಕ. ಅಂದರೆ 16 ಕೋರಿನ ಒಂದು ಸಾಧಾರಣ ಸರ್ವರಿಗೆ 8 ಲೈಸೆನ್ಸ್, 3,80,000 ಡಾಲರ್. ಮೇಲೆ ಪ್ರತಿ ವರ್ಷ ಸಪೋರ್ಟಿಗೆ ಅದರ 22%, 83,600 ಡಾಲರ್. ದೊಡ್ಡ ಗಿರಾಕಿಗಳಿಗೆ ರಿಯಾಯಿತಿ ಸಿಗುತ್ತದೆ, ಅವರು ಪಟ್ಟಿಯ ಬೆಲೆ ಪೂರ್ತಿ ಕೊಡುವುದಿಲ್ಲ ಅನ್ನಿ. ಆದರೂ ಇದರಲ್ಲಿ ಎಲ್ಲವೂ ಸೇರಿಲ್ಲ. ದೊಡ್ಡ ಟೇಬಲ್ಲನ್ನು ತಿಂಗಳವಾರು ಭಾಗ ಮಾಡುವ ಪಾರ್ಟಿಷನಿಂಗ್ ಬೇಕಾದರೆ ಅದಕ್ಕೆ ಪ್ರೊಸೆಸರಿಗೆ 11,500. ಎರಡು ಸರ್ವರ್ ಸೇರಿ ಒಂದೇ ಡೇಟಾಬೇಸ್ ನಡೆಸುವ ರ್‍ಯಾಕ್ ಬೇಕಾದರೆ 23,000. ಬೇರೆ ಊರಿನಲ್ಲಿ ಸ್ಟ್ಯಾಂಡ್‌ಬೈ, ಅಂದರೆ ಆಪತ್ತಿಗೆಂದು ಡೇಟಾಬೇಸಿನ ನಕಲು, ಇಟ್ಟರೆ ಆ ಸರ್ವರಿಗೂ ಲೈಸೆನ್ಸ್ ಬೇಕು.

ಬೆಲೆಗಿಂತ ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು. ದುಡ್ಡು ಕೊಡದ ಸೌಲಭ್ಯಗಳೂ ಡೇಟಾಬೇಸಿನ ಒಳಗೇ ಇರುತ್ತವೆ, ಕೈಗೂ ಸಿಗುತ್ತವೆ. ಡೇಟಾಬೇಸ್ ಯಾಕೆ ನಿಧಾನವಾಯಿತು ಎಂದು ಗಂಟೆಗಂಟೆಗೂ ಬರೆದಿಡುವ ಎಡಬ್ಲ್ಯುಆರ್ ಎಂಬ ದಾಖಲೆ ಇದೆ. ಬಹಳ ಒಳ್ಳೆಯ ಸಾಧನ. ಎಂಟರ್‌ಪ್ರೈಸ್ ಎಡಿಷನ್ನಿನಲ್ಲಿ ಅದು ಮೊದಲಿನಿಂದಲೇ ಓಡುತ್ತಿರುತ್ತದೆ. ಆದರೆ ಅದರ ವರದಿ ತೆಗೆದು ಓದಬೇಕಾದರೆ ಡಯಾಗ್ನಾಸ್ಟಿಕ್ಸ್ ಪ್ಯಾಕ್ ಎಂಬ ಬೇರೆ ಲೈಸೆನ್ಸ್ ಬೇಕು. ಯಾವ ಸೌಲಭ್ಯವನ್ನು ಎಷ್ಟು ಸಲ ಬಳಸಿದಿರಿ ಎಂಬುದು ಡೇಟಾಬೇಸಿನ ಇನ್ನೊಂದು ಟೇಬಲ್ಲಿನಲ್ಲಿ ದಾಖಲಾಗುತ್ತದೆ. ಸ್ಟ್ಯಾಂಡ್‌ಬೈ ಕಥೆಯೂ ಹಾಗೇ. ಆ ನಕಲನ್ನು ನಡೆಸುವ ಡೇಟಾ ಗಾರ್ಡ್ ಎಂಟರ್‌ಪ್ರೈಸ್ ಎಡಿಷನ್ನಿನಲ್ಲೇ ಸೇರಿದೆ. ಆದರೆ ಸ್ಟ್ಯಾಂಡ್‌ಬೈಯನ್ನು ಓದಲು ತೆರೆದಿಟ್ಟು, ಅದೇ ಹೊತ್ತಿಗೆ ಹೊಸ ಬದಲಾವಣೆಗಳೂ ಬಂದು ಸೇರುತ್ತಿರಲಿ ಎಂದರೆ ಅದು ಆಕ್ಟಿವ್ ಡೇಟಾ ಗಾರ್ಡ್. ಅದಕ್ಕೆ ಬೇರೆ ದುಡ್ಡು. ಎರಡರ ನಡುವೆ ಇರುವುದು ಒಂದೆರಡು ಕಮಾಂಡ್ ಅಷ್ಟೆ.

ಇದರಿಂದ ಏನಾಗುತ್ತದೆ ಗೊತ್ತಾ? ಕೆಲಸ ಕಲಿಯುವ ಹುಡುಗರು ಹೆದರುತ್ತಾರೆ. ಡೇಟಾಬೇಸನ್ನು ತೆರೆದು, ಮುಟ್ಟಿ, ಪ್ರಶ್ನೆ ಕೇಳಿ ಕಲಿಯಬೇಕಾದ ವಯಸ್ಸಿನಲ್ಲಿ "ಇದನ್ನು ಮುಟ್ಟಬಹುದಾ ಮೇಡಂ?" ಎಂದು ಕೇಳಿ ಕೇಳಿ ಕೊನೆಗೆ ಮುಟ್ಟುವುದನ್ನೇ ಬಿಡುತ್ತಾರೆ. ನಾನು ನಮ್ಮಲ್ಲಿ ಎಡಬ್ಲ್ಯುಆರ್ ಬದಲಿಗೆ ಸ್ಟ್ಯಾಟ್ಸ್‌ಪ್ಯಾಕ್ ಎಂಬ ಸಾಧನ ಹಾಕಿಕೊಟ್ಟಿದ್ದೇನೆ. ಹಳೆಯ ಕಾಲದ್ದು, ಎಡಬ್ಲ್ಯುಆರ್‌ನಷ್ಟು ವಿವರ ಕೊಡುವುದಿಲ್ಲ, ಆದರೆ ಅದಕ್ಕೆ ಬೇರೆ ದುಡ್ಡಿಲ್ಲ. ಹುಡುಗರು ಧೈರ್ಯವಾಗಿ ತೆರೆದು ನೋಡುತ್ತಾರೆ. ಒಂದು ಸಲ ನಾವು ಬಳಸುತ್ತಿದ್ದ ಬೇರೊಂದು ಸಾಫ್ಟ್‌ವೇರಿನ ಕಂಪನಿಯಿಂದ ಲೈಸೆನ್ಸ್ ಆಡಿಟ್ ಪತ್ರ ಬಂದಿತ್ತು. ಆ ಆರು ವಾರ ತಂಡದಲ್ಲಿ ಒಬ್ಬರೂ ಹೊಸದೇನನ್ನೂ ಮಾಡಲಿಲ್ಲ. ಪಟ್ಟಿ ಮಾಡುವುದೇ ಕೆಲಸವಾಯಿತು.

ಕನ್ನಡದವರಿಗೆ ಇನ್ನೊಂದು ತೊಂದರೆಯೂ ಇದೆ. ಒರಾಕಲ್‌ನಲ್ಲಿ ಒಂದು ಕಾಲಮ್ಮಿಗೆ 30 ಎಂದು ಉದ್ದ ಕೊಟ್ಟರೆ ಡೀಫಾಲ್ಟಾಗಿ ಅದು 30 ಬೈಟ್, 30 ಅಕ್ಷರ ಅಲ್ಲ. ಬೈಟ್ ಅಂದರೆ ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಅಳತೆ. ಇಂಗ್ಲಿಷಿಗೆ ಎರಡೂ ಒಂದೇ. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಗುಣಿತದ ಗುರುತಿಗೆ ಬೇರೆ, ಒತ್ತಿಗಾಗಿ ಬರುವ ಹಲಂತಕ್ಕೆ ಬೇರೆ. 'ಚಂದ್ರಶೇಖರಯ್ಯ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಬಿಡಿಸಿದರೆ 12 ಚಿಹ್ನೆ, 36 ಬೈಟ್. 30ರಲ್ಲಿ ಹಿಡಿಸುವುದಿಲ್ಲ. ಓಆರ್‌ಎ-12899 ಎಂಬ ಎರರ್ ಬರುತ್ತದೆ. ಹೊರಗಿನವರು ಮಾಡಿಕೊಟ್ಟ ಒಂದು ಪ್ರೋಗ್ರಾಂ ಎರರ್ ಬರಬಾರದೆಂದು ಹೆಸರನ್ನು 30 ಬೈಟಿಗೆ ಕತ್ತರಿಸುತ್ತಿತ್ತು. ಹಾಗೆ ಕತ್ತರಿಸಿದರೆ ಉಳಿಯುವುದು 'ಚಂದ್ರಶೇಖರಯ'. ಪಾಸ್‌ಬುಕ್ಕಿನಲ್ಲಿ ಹೀಗೆ ಮೊಟಕಾದ ಹೆಸರು ನೋಡಿದ ಹಿರಿಯರೊಬ್ಬರು ಶಾಖೆಗೆ ಬಂದು, "ನನ್ನ ಹೆಸರು ಪೂರ್ತಿ ಬರೆಯಲು ಬ್ಯಾಂಕಿನಲ್ಲಿ ಜಾಗ ಇಲ್ಲವಾ ತಾಯಿ?" ಎಂದು ಕೇಳಿದರಂತೆ. ಅದನ್ನು ಕೇಳಿ ನನಗೆ ಅವತ್ತು ಊಟ ಸೇರಲಿಲ್ಲ.

ಡೇಟಾಬೇಸಿನಲ್ಲಿ ಅದರ ಪರಿಹಾರ ಒಂದೇ ಸಾಲು. 30ರ ಮುಂದೆ 'ಚಾರ್' ಎಂದು ಸೇರಿಸಿ ಕಾಲಂ ಬದಲಾಯಿಸಿದರೆ ಬೈಟಿನ ಬದಲು ಅಕ್ಷರದ ಲೆಕ್ಕ ಹಿಡಿಯುತ್ತದೆ. ಆದರೆ ಆ ಪ್ರೋಗ್ರಾಂ ಮಾಡಿಕೊಟ್ಟವರ ಜೊತೆಗಿನ ಒಪ್ಪಂದದ ಪ್ರಕಾರ ಟೇಬಲ್ಲಿನ ರಚನೆಯನ್ನು ನಾವು ಮುಟ್ಟುವಂತಿರಲಿಲ್ಲ. ಒಂದು ಸಾಲಿನ ಬದಲಾವಣೆಗೆ ಏಳು ತಿಂಗಳು ಪತ್ರ ಬರೆದೆವು. ನಮ್ಮ ದುಡ್ಡು, ನಮ್ಮ ಸರ್ವರ್, ನಮ್ಮ ಜನರ ಹೆಸರು. ಆದರೂ ಕೈ ಕಟ್ಟಿತ್ತು. ದೊಡ್ಡ ವ್ಯವಸ್ಥೆಗಳ ದೊಡ್ಡ ಕೊರತೆ ಇದೇ ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಪುಕ್ಕಟೆ ಸಿಗುವ ಡೇಟಾಬೇಸ್ ಪೋಸ್ಟ್‌ಗ್ರೆಸ್? ನನಗೆ ಅದರ ಮೇಲೆ ತುಂಬ ಪ್ರೀತಿ ಇದೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಶುರು ಮಾಡಿದ ಯೋಜನೆ ಅದು. ಈಗ ಲೈಸೆನ್ಸ್ ದುಡ್ಡಿಲ್ಲದೆ ಯಾರು ಬೇಕಾದರೂ ಬಳಸಬಹುದು. ಅದರಲ್ಲಿ 30 ಎಂದರೆ 30 ಅಕ್ಷರ, ಕನ್ನಡಕ್ಕೂ ಅಷ್ಟೇ. ಪಾರ್ಟಿಷನಿಂಗ್ ಒಳಗೇ ಇದೆ. ನಿಧಾನ ಯಾಕಾಯಿತು ಎಂದು ನೋಡಲು ಯಾರನ್ನೂ ಕೇಳಬೇಕಿಲ್ಲ. ಹಾಜರಿ, ದೂರು ದಾಖಲೆ, ಶಾಖೆಗಳ ವರದಿ ಇವನ್ನೆಲ್ಲ ನಾವು ಕಳೆದ ಎರಡು ವರ್ಷದಲ್ಲಿ ಅದಕ್ಕೆ ಸಾಗಿಸಿದ್ದೇವೆ.

ಸಾಗಿಸುವುದು ಸುಮ್ನೆ ಆಗಲಿಲ್ಲ. ಒರಾ2ಪಿಜಿ ಎಂಬ ಸಾಧನ ಟೇಬಲ್ಲುಗಳನ್ನೂ ಸುಮಾರು ಕೋಡನ್ನೂ ಬದಲಾಯಿಸಿ ಕೊಡುತ್ತದೆ. ಉಳಿದದ್ದೇ ಕಷ್ಟ. ಒರಾಕಲ್‌ನಲ್ಲಿ ಖಾಲಿ ಸ್ಟ್ರಿಂಗ್ (ಒಂದಕ್ಷರವೂ ಇಲ್ಲದ ಪಠ್ಯ) ಅಂದರೂ ನಲ್ (ಮಾಹಿತಿಯೇ ಇಲ್ಲ ಎಂಬ ಗುರುತು) ಅಂದರೂ ಒಂದೇ. ಪೋಸ್ಟ್‌ಗ್ರೆಸ್‌ನಲ್ಲಿ ಅವು ಬೇರೆ ಬೇರೆ. ದೂರವಾಣಿ ಸಂಖ್ಯೆ ಇಲ್ಲದವರ ಪಟ್ಟಿ ಕೇಳಿದರೆ ಅರ್ಧ ಜನ ಕಾಣೆ. ಒರಾಕಲ್‌ನ ಡೇಟ್ ಒಳಗೆ ಗಂಟೆ ನಿಮಿಷವೂ ಇರುತ್ತದೆ, ಪೋಸ್ಟ್‌ಗ್ರೆಸ್‌ನ ಡೇಟ್‌ನಲ್ಲಿ ದಿನ ಮಾತ್ರ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದರು ಎಂಬುದೇ ಹಾಜರಿಯಿಂದ ಹೊರಟುಹೋಗಿತ್ತು. ಒಂದಕ್ಕೊಂದು ಸೇರಿದ ಕೋಡನ್ನು ಒಟ್ಟಿಗೆ ಕಟ್ಟಿಡುವ ಪ್ಯಾಕೇಜ್ ಎಂಬ ವ್ಯವಸ್ಥೆಯೇ ಇಲ್ಲಿಲ್ಲ. ಪ್ರತಿಯೊಂದನ್ನೂ ಬಿಡಿಸಿ ಬರೆದೆವು. ಎರಡೂ ಮಾತಾಡುವುದು ಎಸ್‌ಕ್ಯೂಎಲ್ ಎಂಬ ಒಂದೇ ಭಾಷೆ ಅಲ್ವಾ, ಒಂದೆರಡು ತಿಂಗಳ ಕೆಲಸ ಎಂದು ಮೀಟಿಂಗಿನಲ್ಲಿ ಹೇಳುವವರ ಮಾತು ನಂಬಬೇಡಿ. ಹಾಜರಿ ಒಂದಕ್ಕೇ ಐದು ತಿಂಗಳು ಹಿಡಿಯಿತು.

ಆ ಗುರುವಾರ ನನ್ನನ್ನು ಕಾಪಾಡಿದ್ದು ಪೋಸ್ಟ್‌ಗ್ರೆಸ್‌ನಲ್ಲಿ ಹಾಗೆ ಸಿಗುವುದಿಲ್ಲ. ಅದು ಹಳೆಯ ರೆಕಾರ್ಡನ್ನು ಅದೇ ಟೇಬಲ್ಲಿನಲ್ಲೇ ಬಿಟ್ಟಿರುತ್ತದೆ. ಆಮೇಲೆ ವ್ಯಾಕ್ಯೂಮ್ ಎಂಬ ಪ್ರಕ್ರಿಯೆ ಬಂದು ಅದನ್ನು ಗುಡಿಸುತ್ತದೆ. ಗುಡಿಸುವ ಮುಂಚೆ "11:30ರದ್ದು ತೋರಿಸು" ಎಂದು ಕೇಳುವ ಕ್ವೆರಿ ಇಲ್ಲ. ಬ್ಯಾಕಪ್ಪನ್ನು ಇನ್ನೊಂದು ಸರ್ವರಿನಲ್ಲಿ ಇಳಿಸಿ, ಅದರ ಮೇಲೆ ಪ್ರತಿ ಬದಲಾವಣೆಯನ್ನೂ ಬರೆದಿಟ್ಟಿರುವ ವಾಲ್ ಫೈಲುಗಳನ್ನು 11:30ರವರೆಗೆ ಓಡಿಸಿ, ಅಲ್ಲಿಂದ ಆ ಟೇಬಲ್ ತೆಗೆದುಕೊಂಡು ಬರಬೇಕು. ಆಗುತ್ತದೆ. ಆದರೆ ಅರ್ಧ ಗಂಟೆಯಲ್ಲಿ ಆಗುವುದಿಲ್ಲ. ವ್ಯಾಕ್ಯೂಮ್ ವಿಷಯದಲ್ಲೂ ಎಚ್ಚರ ಬೇಕು. ನಮ್ಮ ತಂಡದವರೇ ಒಂದು ವರದಿಯ ಟ್ರಾನ್ಸಾಕ್ಷನ್ ತೆರೆದಿಟ್ಟು ಮನೆಗೆ ಹೋಗಿದ್ದರು. ಅದು ಮುಗಿಯುವವರೆಗೆ ಗುಡಿಸಲು ಆಗದೆ, ಬೆಳಗಾಗುವುದರೊಳಗೆ 20 ಜಿಬಿಯ ಟೇಬಲ್ 70 ಜಿಬಿ ಆಗಿತ್ತು.

ಆದ್ದರಿಂದ ಆಡಳಿತ ಮಂಡಳಿಗೆ ನಾನು ಬರೆದುಕೊಟ್ಟ ಟಿಪ್ಪಣಿಯಲ್ಲಿ ಯಾವುದು ಒಳ್ಳೆಯದು, ಯಾವುದು ಅಗ್ಗ ಎಂದು ಬರೆಯಲಿಲ್ಲ. ಪ್ರತಿ ವಿಭಾಗದ ಮುಂದೆ ಒಂದು ಅಂಕಿ ಬರೆದೆ. ಲೆಕ್ಕ ತಪ್ಪಿದರೆ ಎಷ್ಟು ನಿಮಿಷದಲ್ಲಿ ಸರಿಯಾಗಬೇಕು ಎಂಬ ಅಂಕಿ. ಹಾಜರಿಗೆ ಒಂದು ದಿನ. ದೂರು ದಾಖಲೆಗೆ ನಾಲ್ಕು ಗಂಟೆ. ಸಾಲ ಮತ್ತು ಠೇವಣಿಗೆ 30 ನಿಮಿಷ. ಠೇವಣಿ ಇಟ್ಟವರು ಮಗಳ ಮದುವೆಗೆ, ಆಸ್ಪತ್ರೆಗೆ ಅಂತ ದುಡ್ಡು ಕೇಳಲು ಬಂದಾಗ "ಸಿಸ್ಟಂ ಸರಿಯಾಗಲಿ, ನಾಳೆ ಬನ್ನಿ" ಎನ್ನುವ ಹಕ್ಕು ನಮಗಿಲ್ಲ. ಆ ಎರಡಕ್ಕೆ ಕೊಡುವ ಲೈಸೆನ್ಸ್ ದುಡ್ಡು ದಂಡ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಉಳಿದದ್ದಕ್ಕೆ ಕೊಡುತ್ತಿದ್ದದ್ದು ದಂಡವೇ.

ಮುಂದಿನ ಸರದಿ ಒಡವೆ ಸಾಲದ ವರದಿಗಳದ್ದು. ಅವನ್ನೂ ಪೋಸ್ಟ್‌ಗ್ರೆಸ್‌ಗೆ ಸಾಗಿಸಿ ಎಂದು ಒತ್ತಡ ಇದೆ. ಮೂರು ಶನಿವಾರ ರಾತ್ರಿ ಕೂತು ಬ್ಯಾಕಪ್ಪಿನಿಂದ ಹಿಂದಿನ ಹೊತ್ತಿಗೆ ಹೋಗಿ ಬರುವ ತಾಲೀಮು ಮಾಡಿದ್ದೇವೆ. ಮೊದಲ ಸಲ 6 ಗಂಟೆ 10 ನಿಮಿಷ ಆಯಿತು. ಎರಡನೇ ಸಲ 3 ಗಂಟೆ 40. ಮೊನ್ನೆ 2 ಗಂಟೆ 5 ನಿಮಿಷ. ಅವತ್ತು ಕಮಾಂಡುಗಳನ್ನೆಲ್ಲ ಟೈಪ್ ಮಾಡಿದ್ದು ಆ ಗುರುವಾರದ ಅದೇ ಹುಡುಗ. ಒಂದು ಗಂಟೆಯೊಳಗೆ ಬಂದ ಮೇಲೆ ಸಾಗಿಸುತ್ತೇವೆ ಎಂದು ಬರೆದುಕೊಟ್ಟಿದ್ದೇನೆ. ಈ ಶನಿವಾರ ನಾಲ್ಕನೆಯದು.