ಮಗು ಉಳಿಯದಿದ್ದಾಗ ನ್ಯೂಜಿಲೆಂಡ್‌ನಲ್ಲಿ ಸಿಗುವ ರಜೆ

ಗರ್ಭಸ್ರಾವವಾದರೆ ನ್ಯೂಜಿಲೆಂಡ್‌ನಲ್ಲಿ ಸಂಬಳ ಸಹಿತ ಮೂರು ದಿನ ಶೋಕ ರಜೆ ಉಂಟು. 2021ರ ಮಾರ್ಚ್‌ನಲ್ಲಿ ಇಲ್ಲಿನ ಸಂಸತ್ತು ಒಮ್ಮತದಿಂದ ಒಪ್ಪಿದ ಕಾನೂನು. ಎಷ್ಟನೇ ವಾರ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಗಂಡನಿಗೂ ಅಷ್ಟೇ ದಿನ. ದತ್ತು ಅಥವಾ ಬಾಡಿಗೆ ತಾಯ್ತನದ ಮೂಲಕ ಆ ಮಗುವಿಗಾಗಿ ಕಾದಿದ್ದವರಿಗೂ ಇದೆ. ವರ್ಕ್ ವೀಸಾದವರಿಗೂ ಇದೇ ಹಕ್ಕು, ಹಿಂಜರಿಯಬೇಡಿ.

ಒಂದೇ ಕಡೆ ಆರು ತಿಂಗಳು ಕೆಲಸ ಮಾಡಿರಬೇಕು. ಹೊಸದಾಗಿ ಬಂದವರು ಸಿಕ್ಕಿಬೀಳುವುದು ಇಲ್ಲೇ. ಅವರು ಮ್ಯಾನೇಜರ್ ಜೊತೆ ಮಾತಾಡಿ ಒಪ್ಪಿಸಿಕೊಳ್ಳಬೇಕಷ್ಟೆ. ಕಾಂಟ್ರ್ಯಾಕ್ಟರ್ ಆಗಿ ಬಿಲ್ ಕೊಟ್ಟು ದುಡಿಯುವವರಿಗೆ ಇದು ಅನ್ವಯಿಸದು.

ಮೂರೂ ದಿನ ಒಟ್ಟಿಗೇ ತೆಗೆದುಕೊಳ್ಳಬೇಕಿಲ್ಲ. ಸ್ಕ್ಯಾನ್‌ನಲ್ಲಿ ಎದೆಬಡಿತ ಕಾಣಲಿಲ್ಲ ಎಂದು ತಿಳಿದ ಮರುದಿನ ಒಂದು, ಮನೆಯಲ್ಲಿ ಕೂತು ಅಳಬೇಕೆನಿಸಿದ ದಿನ ಇನ್ನೊಂದು, ಹೆರಿಗೆಗೆ ಕೊಟ್ಟಿದ್ದ ತಾರೀಖಿನಂದು ಮತ್ತೊಂದು ಎಂದು ಹಂಚಿಕೊಳ್ಳಬಹುದು. ನಿಮಗೆ ಕೆಲಸವಿಲ್ಲದ ವಾರಾಂತ್ಯ ಲೆಕ್ಕಕ್ಕೆ ಬರುವುದಿಲ್ಲ. ಗರ್ಭಕ್ಕಾಗಲಿ ನಷ್ಟಕ್ಕಾಗಲಿ ಪುರಾವೆ ತೋರಿಸಬೇಕೆಂಬ ನಿಯಮವೂ ಇಲ್ಲ. ಈ ಕಾನೂನಿನ ನಿಜವಾದ ಮಾನವೀಯತೆ ಇರುವುದು ಇಲ್ಲೇ.

ಮೈಯ ನೋವಿನ ಲೆಕ್ಕ ಬೇರೆ. ಮಾತ್ರೆ ನುಂಗಿದರೂ ತಾನಾಗಿ ಹೋಗಲಿ ಎಂದು ಕಾದರೂ ರಕ್ತಸ್ರಾವ ಎರಡು ವಾರ ಎಳೆಯಬಹುದು. ಅದಕ್ಕೆ ವರ್ಷಕ್ಕೆ 10 ದಿನದ ಸಿಕ್ ಲೀವ್ ಬಳಸಿ. ಸತತ ಮೂರು ದಿನ ಅಥವಾ ಅದಕ್ಕಿಂತ ಹೆಚ್ಚಾಯಿತೋ, ಕಂಪನಿ ವೈದ್ಯರ ಸರ್ಟಿಫಿಕೇಟ್ ಕೇಳಬಹುದು. ಜಿಪಿ (ಕುಟುಂಬ ವೈದ್ಯರು) ಹತ್ತಿರ ಹೋದಾಗಲೇ ಬರೆಸಿಕೊಂಡು ಬನ್ನಿ. ಬಹಳ ಜನ ಎಲ್ಲವನ್ನೂ ಸಿಕ್ ಲೀವ್‌ಗೇ ಬರೆದು, ಹಕ್ಕಿನ ಮೂರು ದಿನ ಸುಮ್ಮನೆ ಕಳೆದುಕೊಳ್ಳುತ್ತಾರೆ.

ಇನ್ನೊಂದು ಎಚ್ಚರಿಕೆ: ತಾವಾಗಿ ಮಾಡಿಸಿಕೊಂಡ ಗರ್ಭಪಾತಕ್ಕೆ ಈ ಶೋಕ ರಜೆ ಸಿಗದು. ತಾನಾಗಿ ಆದದ್ದಕ್ಕೂ ‘ಅಬಾರ್ಷನ್ ಆಯ್ತು’ ಎನ್ನುವುದು ನಮ್ಮ ಬಾಯಿಗೆ ರೂಢಿ. ಅರ್ಜಿಯಲ್ಲಿ ಮಿಸ್‌ಕ್ಯಾರೇಜ್ ಎಂದೇ ಬರೆಯಿರಿ.

ಊರಲ್ಲಿ ಕೂತು ಇದನ್ನು ಓದುತ್ತಿರುವವರು ಮೂರೇ ದಿನವೇ ಎನ್ನಬಹುದು, ಆ ಮಾತು ಸರಿ. ಭಾರತದಲ್ಲಿ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಗರ್ಭಸ್ರಾವಕ್ಕೆ, 1995ರ ತಿದ್ದುಪಡಿಯ ನಂತರ ವೈದ್ಯಕೀಯ ಗರ್ಭಪಾತಕ್ಕೂ ಸಂಬಳ ಸಹಿತ ಆರು ವಾರ ರಜೆ ಇದೆ. ಆದರೆ ಗಂಡನಿಗೆ ಅದರಲ್ಲಿ ಏನೂ ಇಲ್ಲ. ಪುರಾವೆಯನ್ನೂ ಕೊಡಬೇಕು. ಬೆಂಗಳೂರಲ್ಲಿ ಕೆಲಸಕ್ಕಿರುವ ಅಕ್ಕತಂಗಿಯರೇ, ಆಸ್ಪತ್ರೆಯಿಂದ ಹೊರಡುವಾಗ ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಏನಾಯಿತು, ಯಾವ ತಾರೀಖು ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಆರು ವಾರದ ಎಣಿಕೆ ಶುರುವಾಗುವುದು ಗರ್ಭ ಹೋದ ದಿನದ ಮರುದಿನದಿಂದ.